ಆಲ್ಪ್ಸ್ ಬೆಟ್ಟಸಾಲು ಗಡಿಯಾಗಿತ್ತಾ, ದಾರಿಯಾಗಿತ್ತಾ? ಟಿರೋಲ್ ಸೀಮೆಯ ಹಳೆಯ ಕಾಲದ ಬಗ್ಗೆ ಮಾತಾಡೋಣ

ಘಾಟಿದಾರಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನಿರುವುದು ಮ್ಯೂನಿಕ್‌ನಲ್ಲಿ. ಬೆಳಿಗ್ಗೆ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಇನ್ಸ್‌ಬ್ರುಕ್. ಅಲ್ಲಿಂದ ಬ್ರೆನ್ನರ್ ಘಾಟಿ ದಾಟಿದರೆ ಇನ್ನೆರಡು ಗಂಟೆಗೆ ಬೋಲ್ಜಾನೊ. ಜರ್ಮನಿಯಲ್ಲಿ ತಿಂಡಿ, ಆಸ್ಟ್ರಿಯಾದಲ್ಲಿ ಕಾಫಿ, ಇಟಲಿಯಲ್ಲಿ ಮಧ್ಯಾಹ್ನದ ಊಟ. ಬೋಲ್ಜಾನೊದ ಮ್ಯೂಸಿಯಂನಲ್ಲಿ ಒಂದು ಚಿಕ್ಕ ಕಿಟಕಿ ಇದೆ. ಅದರ ಹಿಂದೆ ಮೈನಸ್ 6 ಡಿಗ್ರಿ ಚಳಿಯಲ್ಲಿ ಓಟ್ಸಿ ಮಲಗಿದ್ದಾನೆ. ಸುಮಾರು 5,300 ವರ್ಷದ ಹಿಂದಿನ ಮನುಷ್ಯ, ಮಂಜಿನಲ್ಲಿ ಕೆಡದೆ ಉಳಿದ ಹೆಣ. ಕಿಟಕಿಯ ಮುಂದೆ ಮೊದಲ ಸಲ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಅವನ ಕೈಬೆರಳು ನೋಡಿದೆ. ಮೈಮೇಲಿನ ಹಚ್ಚೆ ಗೆರೆಗಳನ್ನು ನೋಡಿದೆ, ಒಟ್ಟು 61 ಇವೆ. ಹೊರಗೆ ಬಂದು ಅರ್ಧ ಗಂಟೆ ಸುಮ್ನೆ ಬೆಂಚಿನ ಮೇಲೆ ಕೂತಿದ್ದೆ.

1991ರ ಸೆಪ್ಟೆಂಬರ್ 19ರಂದು ಜರ್ಮನಿಯ ದಂಪತಿಯೊಬ್ಬರು ಚಾರಣದಿಂದ ಇಳಿಯುವಾಗ 3,210 ಮೀಟರ್ ಎತ್ತರದ ಟಿಸೆನ್ಯೋಖ್ ಎಂಬ ಜಾಗದಲ್ಲಿ ಅವನನ್ನು ಕಂಡರು. ಇತ್ತೀಚೆಗೆ ಸತ್ತ ಯಾರೋ ಪರ್ವತಾರೋಹಿ ಅಂತಲೇ ಎಲ್ಲರೂ ಅಂದುಕೊಂಡರು. ಮಂಜಿನಿಂದ ಬಿಡಿಸಲು ಗಾಳಿಯಂತ್ರದ ಡ್ರಿಲ್ ಹಿಡಿದರು, ಅವನ ಸೊಂಟದ ಭಾಗಕ್ಕೇ ಪೆಟ್ಟಾಯಿತು. ಹೆಣವನ್ನು ಇನ್ಸ್‌ಬ್ರುಕ್‌ಗೆ ಸಾಗಿಸಿದ ಮೇಲೆ, ಪುರಾತತ್ವಜ್ಞ ಕೊನ್ರಾಡ್ ಸ್ಪಿಂಡ್ಲರ್ ಅವನ ತಾಮ್ರದ ಕೊಡಲಿ ನೋಡಿ, ಇದು ಕಡಿಮೆ ಅಂದರೂ 4,000 ವರ್ಷ ಹಳೆಯದು ಅಂದರು. ಮುಂದೆ ಕಾರ್ಬನ್ ಪರೀಕ್ಷೆ ಅದನ್ನು ಇನ್ನೂ ಹಿಂದಕ್ಕೆ ತಳ್ಳಿತು.

ಆಮೇಲೆ ಜಗಳ ಶುರುವಾಯಿತು. ಇವನು ಆಸ್ಟ್ರಿಯಾದವನೋ ಇಟಲಿಯವನೋ? ಗಡಿ ಅಳೆದರು. ಅವನು ಬಿದ್ದಿದ್ದು ಇಟಲಿಯ ಒಳಗೆ 92.56 ಮೀಟರ್. ಆ ಗಡಿ ಎಳೆದಿದ್ದು 1919ರ ಸೇಂಟ್ ಜರ್ಮೇನ್ ಒಪ್ಪಂದದಲ್ಲಿ. ಮಳೆನೀರು ಯಾವ ಕಡೆ ಹರಿಯುತ್ತದೋ ಆ ನೆತ್ತಿಯೇ ಗಡಿ, ಅಷ್ಟೇ ಲೆಕ್ಕ.

ನನಗೆ ತಲೆಯಲ್ಲಿ ಕೊರೆಯುವುದು ಇದೇ. ಬೆಟ್ಟದ ನೆತ್ತಿ ಎರಡು ಕಡೆಯವರನ್ನು ಬೇರೆ ಮಾಡುತ್ತದೆ ಅಂತ ನಾವು ಸುಲಭವಾಗಿ ನಂಬಿಬಿಡುತ್ತೇವೆ ಅಲ್ವಾ? ಟಿರೋಲ್‌ನ ಹಳೆಯ ಕತೆ ಓದಿದರೆ ತದ್ವಿರುದ್ಧ ಕಾಣುತ್ತದೆ. ಟಿರೋಲ್ ಅಂದರೆ ಈಗ ಆಸ್ಟ್ರಿಯಾ, ಇಟಲಿ ಎರಡಕ್ಕೂ ಹಂಚಿಹೋಗಿರುವ ಈ ಬೆಟ್ಟದ ಸೀಮೆ. ಸಾವಿರಾರು ವರ್ಷ ಇಲ್ಲಿನ ಜನ ನೆತ್ತಿಯ ಎರಡೂ ಕಡೆ ಒಂದೇ ಬದುಕು ಬದುಕಿದರು. ಒಂದೇ ಮಡಕೆ, ಒಂದೇ ಲಿಪಿ, ಮುಂದೆ ಒಂದೇ ಸಂಸ್ಥಾನ. ಘಾಟಿಯೇ ಇಲ್ಲದಿದ್ದರೆ ಟಿರೋಲ್ ಎಂಬ ಸೀಮೆಯೇ ಹುಟ್ಟುತ್ತಿರಲಿಲ್ಲ ಅನ್ನುವುದು ನನ್ನ ವಾದ. ಗೊತ್ತಿರುವವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಕುರಿಮಂದೆ

ಒಳ್ಳೆಯ ವಿಷಯ ಎತ್ತಿದಿರಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದವರೆಗೂ ಕುರಿ ಇತ್ತು, ಹಾಗಾಗಿ ನನ್ನ ಪ್ರಶ್ನೆ ನೇರ. ಓಟ್ಸಿ ಕುರಿ ಕಾಯುವವನಾ? ಅಷ್ಟು ಎತ್ತರಕ್ಕೆ ಸುಮ್ನೆ ಯಾರು ಹೋಗುತ್ತಾರೆ? ಅವನ ಬಟ್ಟೆ ಯಾವ ಚರ್ಮದ್ದು ಅಂತ ಗೊತ್ತಾಗಿದೆಯಾ?

ಘಾಟಿದಾರಿ

ಬಟ್ಟೆಯ ಬಗ್ಗೆ 2016ರಲ್ಲಿ ಡಿಎನ್ಎ ಪರೀಕ್ಷೆ ಆಗಿದೆ. ಅಂಗಿ ಮೇಕೆ ಮತ್ತು ಕುರಿ ಚರ್ಮ ಸೇರಿಸಿ ಹೊಲಿದದ್ದು. ಕಾಲಿನ ಹೊದಿಕೆ ಮೇಕೆ ಚರ್ಮ. ಟೋಪಿ ಕರಡಿಯದು, ಬಾಣದ ಚೀಲ ಜಿಂಕೆ ಜಾತಿಯ ಪ್ರಾಣಿಯದು, ಪಾದರಕ್ಷೆಯ ದಾರ ದನದ ಚರ್ಮ. ಅಂದರೆ ಸಾಕಿದ ಪ್ರಾಣಿಯೂ ಇತ್ತು, ಬೇಟೆಯೂ ಇತ್ತು. ಕೊನೆಯ ಊಟದಲ್ಲಿ ಕಾಡುಮೇಕೆ ಮಾಂಸ, ಕೆಂಪು ಜಿಂಕೆ ಮಾಂಸ, ಜೊತೆಗೆ ಐನ್‌ಕಾರ್ನ್ ಎಂಬ ಹಳೆಯ ಗೋಧಿ ಸಿಕ್ಕಿದೆ.

ಕುರಿ ಕಾಯುವವನು ಅನ್ನುವುದು ಮೊದಮೊದಲು ಬಹಳ ಜನ ಹೇಳಿದ ಮಾತು. ಆದರೆ ಅವನ ಹತ್ತಿರ ಇದ್ದ ಕೊಡಲಿ ಸಾಮಾನ್ಯರದ್ದಲ್ಲ. ಅಲಗು 99 ಶೇಕಡಾಕ್ಕಿಂತ ಜಾಸ್ತಿ ಶುದ್ಧ ತಾಮ್ರ. 2017ರಲ್ಲಿ ಅದಿರಿನ ಮೂಲ ಪತ್ತೆಯಾಯಿತು, ಮಧ್ಯ ಇಟಲಿಯ ದಕ್ಷಿಣ ಟಸ್ಕನಿ. ಹತ್ತಿರದ ಬೆಟ್ಟಗಳಲ್ಲೇ ತಾಮ್ರ ಇದ್ದರೂ ಇವನ ಕೊಡಲಿಯ ಲೋಹ ಅಷ್ಟು ದೂರದಿಂದ ಬಂದಿದೆ ನೋಡಿ. ಚಕಮಕಿ ಕಲ್ಲು ವೆರೋನಾದ ಉತ್ತರಕ್ಕಿರುವ ಲೆಸ್ಸಿನಿ ಬೆಟ್ಟಗಳ ಕಡೆಯದು. ಅವನ ಹಲ್ಲು ಪರೀಕ್ಷಿಸಿದವರು ಬಾಲ್ಯ ಇಸಾರ್ಕೊ ಕಣಿವೆಯ ಕಡೆ ಕಳೆದಿರಬೇಕು ಅನ್ನುತ್ತಾರೆ, ದೊಡ್ಡವನಾದ ಮೇಲೆ ವಿನ್ಷ್‌ಗೌ ಕಣಿವೆ. ಬೆಟ್ಟದ ಮೂಲೆಯಲ್ಲಿ ಕುಳಿತಿದ್ದ ಮನುಷ್ಯ ಅಲ್ಲ ಅವನು.

ಅವನು ಹೇಗೆ ಸತ್ತ ಅನ್ನುವುದೂ ಹೇಳಿಬಿಡುತ್ತೇನೆ. ಹತ್ತು ವರ್ಷ ಎಲ್ಲರೂ ಚಳಿಗೆ ಸತ್ತ ಅಂದುಕೊಂಡಿದ್ದರು. 2001ರಲ್ಲಿ ಎಕ್ಸ್‌ರೇ ನೋಡುವಾಗ ಎಡ ಭುಜದೊಳಗೆ ಬಾಣದ ಮೊನೆ ಕಾಣಿಸಿತು. ಹಿಂದಿನಿಂದ ಹೊಡೆದದ್ದು, ದೊಡ್ಡ ರಕ್ತನಾಳ ಹರಿದಿದೆ. ಬಲಗೈಯಲ್ಲಿ ಆಳವಾದ ಗಾಯ, ಅದು ಸಾಯುವ ಕೆಲವು ದಿನ ಮೊದಲಿನದು. ಅವನ ಬಿಲ್ಲು ಇನ್ನೂ ಕೆತ್ತಿ ಮುಗಿದಿರಲಿಲ್ಲ. ಯಾರಿಂದಲೋ ತಪ್ಪಿಸಿಕೊಂಡು, ದಾರಿಯಲ್ಲೇ ಹೊಸ ಬಿಲ್ಲು ಮಾಡಿಕೊಳ್ಳುತ್ತಾ ಮೇಲೆ ಹತ್ತಿದ್ದಾನೆ ಅಂತ ನನಗೆ ಅನಿಸುತ್ತದೆ. ನೆನೆದರೆ ಈಗಲೂ ಸಂಕಟ ಆಗುತ್ತದೆ.

ಕುರಿಯ ವಿಷಯಕ್ಕೆ ಬಂದರೆ ನಿಮಗೆ ಇಷ್ಟವಾಗುವ ಸಂಗತಿ ಇದೆ. ಓಟ್ಸಿ ಸಿಕ್ಕ ಜಾಗದ ಪಕ್ಕದಲ್ಲೇ ಇವತ್ತಿಗೂ ಪ್ರತಿ ಜೂನ್‌ನಲ್ಲಿ ದಕ್ಷಿಣದ ಷ್ನಾಲ್ಸ್ ಕಣಿವೆಯವರು ಸಾವಿರಾರು ಕುರಿಗಳನ್ನು ಹೊಡೆದುಕೊಂಡು ಮೂರು ಸಾವಿರ ಮೀಟರ್ ಎತ್ತರದ ಘಾಟಿ ದಾಟುತ್ತಾರೆ. ಹಿಮದ ಮೇಲೇ ನಡೆಸುತ್ತಾರೆ. ಉತ್ತರದ ವೆಂಟ್ ಎಂಬ ಊರಿನ ಹುಲ್ಲುಗಾವಲಿನಲ್ಲಿ ಬೇಸಿಗೆಯೆಲ್ಲ ಮೇಯಿಸಿ ಸೆಪ್ಟೆಂಬರ್‌ನಲ್ಲಿ ವಾಪಸ್. ಈ ಮೇವಿನ ಹಕ್ಕಿಗೆ 1415ರ ಒಪ್ಪಂದ ಪತ್ರ ಇದೆ. ಈಗ ಮಧ್ಯೆ ಎರಡು ದೇಶದ ಗಡಿ ಬಂದಿದೆ, ಕುರಿಗಳ ಹಕ್ಕು ಹಾಗೇ ಉಳಿದಿದೆ.

ಮಣ್ಣಿನಡಿ

ಪುರಾತತ್ವ ಓದಿದವಳು ನಾನು, ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಓಟ್ಸಿಯಿಂದ ಶುರು ಮಾಡಿದರೆ ಅವನೇ ಮೊದಲಿಗ ಅಂತ ಜನ ತಿಳಿದುಬಿಡುತ್ತಾರೆ. ಅವನಿಗಿಂತ ಎಷ್ಟೋ ಮೊದಲು ಇಲ್ಲಿ ಮನುಷ್ಯರ ಓಡಾಟ ಇತ್ತು.

ಕುಫ್‌ಸ್ಟೈನ್ ಊರಿನ ಹತ್ತಿರ ಟಿಷೋಫರ್ ಎಂಬ ಗುಹೆ ಇದೆ. ನೂರಾರು ಗುಹಾಕರಡಿಗಳ ಮೂಳೆ ಅಲ್ಲಿ ಸಿಕ್ಕಿವೆ, ಜೊತೆಗೆ ಮೂಳೆಯಲ್ಲಿ ಮಾಡಿದ ಈಟಿಮೊನೆಗಳು. ಅವು ಸುಮಾರು 30,000 ವರ್ಷದ ಹಿಂದಿನವು. ಆಮೇಲೆ ಹಿಮಯುಗದ ಕೊನೆಯ ದೊಡ್ಡ ಚಳಿ ಬಂತು. ಈಗ ಇನ್ಸ್‌ಬ್ರುಕ್ ಇರುವ ಕಣಿವೆಯ ಮೇಲೆ ಒಂದೂವರೆ ಕಿಲೋಮೀಟರ್‌ಗಿಂತ ದಪ್ಪ ಮಂಜು ಕೂತಿತ್ತು. ಆ ಕಾಲದಲ್ಲಿ ಮನುಷ್ಯರ ಮಾತೇ ಇಲ್ಲ. ಮಂಜು ಕರಗಿದ ಮೇಲೆ ಬೇಟೆಗಾರರು ವಾಪಸ್ ಬಂದರು, ಅದೂ ತಡಮಾಡದೆ. ಇನ್ಸ್‌ಬ್ರುಕ್‌ನ ನೈಋತ್ಯದಲ್ಲಿ ಫೋಟ್ಷ್ ಕಣಿವೆಯ ಉಲ್ಲಾಫೆಲ್ಸನ್ ಎಂಬ ಬಂಡೆಯ ಪಕ್ಕ, 1,869 ಮೀಟರ್ ಎತ್ತರದಲ್ಲಿ, ಅವರ ಬಿಡಾರದ ಒಲೆಗಳೂ ಕಲ್ಲಿನ ಚೂರುಗಳೂ ಸಿಕ್ಕಿವೆ. ಹನ್ನೊಂದು ಸಾವಿರ ವರ್ಷದ ಹಿಂದಿನ ಮಾತು. ನಮ್ಮ ಚರ್ಚೆಗೆ ಮುಖ್ಯವಾದದ್ದು ಆ ಕಲ್ಲುಗಳ ಮೂಲ. ಕೆಲವು ಉತ್ತರದ ಬವೇರಿಯಾದವು, ಕೆಲವು ದಕ್ಷಿಣ ಆಲ್ಪ್ಸ್‌ನವು. ಒಂದೇ ಒಲೆಯ ಸುತ್ತ ಎರಡು ಕಡೆಯ ಕಲ್ಲು. ಘಾಟಿದಾರಿಯವರ ವಾದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಾ?

ಇನ್ನೊಂದು ನನಗೆ ತುಂಬಾ ಪ್ರೀತಿಯ ಕಲ್ಲು. ವಿನ್ಷ್‌ಗೌ ಕಣಿವೆಯ ಲಾಟ್ಷ್ ಊರಿನ ಚರ್ಚೊಂದನ್ನು 1992ರಲ್ಲಿ ರಿಪೇರಿ ಮಾಡುವಾಗ ಪೂಜೆಯ ಮೇಜಿನ ಚಪ್ಪಡಿಯನ್ನು ಎತ್ತಿ ನೋಡಿದರು. ಅದು ತಾಮ್ರಯುಗದ ನಿಲುಗಲ್ಲು! ಅಮೃತಶಿಲೆ. ಮೇಲೆ ಕೊಡಲಿಗಳು, ಬಾಕುಗಳು, ಬಿಲ್ಲು ಹಿಡಿದವನ ಚಿತ್ರ. ಕೊಡಲಿಗಳ ಆಕಾರ ಓಟ್ಸಿಯ ಕೊಡಲಿಯ ಥರವೇ. ಎಷ್ಟೋ ನೂರು ವರ್ಷ ಜನ ಅದರ ಮೇಲೆ ದೀಪ ಹಚ್ಚಿದ್ದಾರೆ, ಕೆಳಗೆ ಏನಿದೆ ಅಂತ ಗೊತ್ತಿಲ್ಲದೆ.

ಕಂಚಿನ ಯುಗದಲ್ಲಿ ಈ ಸೀಮೆ ಶ್ರೀಮಂತ ಆಯಿತು. ಕಾರಣ ತಾಮ್ರ. ಷ್ವಾಜ್, ಬ್ರಿಕ್ಸ್‌ಲೆಗ್, ಕಿಟ್ಸ್‌ಬ್ಯೂಲ್ ಹತ್ತಿರದ ಕೆಲ್ಖಾಲ್ಮ್, ಹೀಗೆ ಗಣಿಗಳ ಸಾಲೇ ಇತ್ತು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟಾಗ ಒಡೆಯುತ್ತಿದ್ದರು. ಕೆಲ್ಖಾಲ್ಮ್‌ನಲ್ಲಿ ಅದಿರು ತೊಳೆಯುವ ಮರದ ಸಾಮಾನುಗಳು ಕೊಳೆಯದೆ ಉಳಿದಿವೆ. ಅಲ್ಲಿ ಅದಿರು ತೊಳೆದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಯುರೋಪಿನ ಎಷ್ಟೋ ಕತ್ತಿಗಳಲ್ಲಿ ಅವರ ಬೆವರು ಇದೆ.

ಹಳೇಲಿಪಿ

ಲಿಪಿ ಅಂದಾಗ ನಾನು ಬರಲೇಬೇಕು. ಕ್ರಿ.ಪೂ. 500ರ ಆಸುಪಾಸಿನಿಂದ ಇಲ್ಲಿ ಫ್ರಿಟ್ಸೆನ್ಸ್-ಸಾನ್ಸೆನೊ ಎಂಬ ಸಂಸ್ಕೃತಿ. ಹೆಸರಿನಲ್ಲೇ ನಿಮ್ಮ ಉತ್ತರ ಇದೆ ನೋಡಿ. ಫ್ರಿಟ್ಸೆನ್ಸ್ ಇರುವುದು ಉತ್ತರದ ಇನ್ ಕಣಿವೆಯಲ್ಲಿ, ಸಾನ್ಸೆನೊ ದಕ್ಷಿಣದ ನೋನ್ ಕಣಿವೆಯಲ್ಲಿ. ಮಧ್ಯೆ ಆಲ್ಪ್ಸ್‌ನ ನೆತ್ತಿ. ಎರಡೂ ಕಡೆ ಒಂದೇ ಥರ ಮಡಕೆ, ಒಂದೇ ಥರ ಅರ್ಧ ನೆಲದೊಳಗೆ ಇಳಿದ ಕಲ್ಲಿನ ಮನೆ.

ಗ್ರೀಕರೂ ರೋಮನ್ನರೂ ಇವರನ್ನು ರೇಟಿ ಅಂದರು. ಇವರು ಬರೆದ ಸುಮಾರು 300 ಶಾಸನಗಳು ಉಳಿದಿವೆ. ಕಂಚಿನ ಚೂರಿನ ಮೇಲೆ, ಜಿಂಕೆ ಕೊಂಬಿನ ಮೇಲೆ, ಬಂಡೆಯ ಮೇಲೆ. ಬಹುತೇಕ ಚಿಕ್ಕವು, ಹರಕೆ ಒಪ್ಪಿಸಿದ್ದು, ಯಾರು ಕೊಟ್ಟರು ಅನ್ನುವುದು. ಜರ್ಮನಿಯ ಗಡಿಗೆ ಹತ್ತಿರ, ಸ್ಟೈನ್‌ಬರ್ಗ್ ಆಮ್ ರೋಫಾನ್ ಎಂಬಲ್ಲಿ ನೀರಿನ ಊಟೆ ಇರುವ ಬಂಡೆಸಂದಿಯಲ್ಲೂ ಬರೆದಿದ್ದಾರೆ. ಲಿಪಿ ದಕ್ಷಿಣದಿಂದ ಬಂದದ್ದು. ಅದು ಘಾಟಿ ಹತ್ತಿ ಅಷ್ಟು ಉತ್ತರಕ್ಕೆ ಹೋಗಿದೆ.

ಮೈಸೂರು ಓದುಗ

ಇಲ್ಲಿವರೆಗೂ ಸುಮ್ನೆ ಓದುತ್ತಿದ್ದೆ. ಒಂದು ಅನುಮಾನ. ರೇಟಿಗಳು ಎಟ್ರುಸ್ಕನ್ನರೇ (ರೋಮನ್ನರಿಗೂ ಮೊದಲು ಮಧ್ಯ ಇಟಲಿಯಲ್ಲಿ ಬಲವಾಗಿದ್ದ ಜನ) ಅಂತ ಎಲ್ಲೋ ಓದಿದ ನೆನಪು. ನಿಜವಾ?

ಹಳೇಲಿಪಿ

ಅದು ರೋಮಿನ ಚರಿತ್ರೆಕಾರ ಲಿವಿ ಬರೆದದ್ದು. ರೇಟಿಗಳು ಮೂಲದಲ್ಲಿ ಎಟ್ರುಸ್ಕನ್ನರು, ಬೆಟ್ಟದ ವಾಸದಿಂದ ಒರಟಾದರು, ಹಳೆಯದರಲ್ಲಿ ಮಾತಿನ ಧ್ವನಿ ಬಿಟ್ಟು ಬೇರೇನೂ ಉಳಿಸಿಕೊಳ್ಳಲಿಲ್ಲ, ಅದೂ ಕೆಟ್ಟಿದೆ ಅನ್ನುತ್ತಾನೆ. ಪ್ಲಿನಿ ಎಂಬ ಇನ್ನೊಬ್ಬ ರೋಮನ್ ಲೇಖಕ ಒಂದು ಹೆಜ್ಜೆ ಮುಂದೆ ಹೋಗಿ ಗಾಲ್ ಜನ ಓಡಿಸಿದಾಗ ರೇಟಸ್ ಎಂಬ ನಾಯಕನ ಹಿಂದೆ ಬೆಟ್ಟಕ್ಕೆ ಬಂದರು ಅಂತ ಬರೆದ.

ಭಾಷೆಯ ವಿಷಯದಲ್ಲಿ ಲಿವಿಯ ಕಿವಿ ಸರಿಯಾಗಿತ್ತು. 1998ರಲ್ಲಿ ಹೆಲ್ಮುಟ್ ರಿಕ್ಸ್ ಎಂಬ ಭಾಷಾತಜ್ಞರು ಎರಡೂ ಭಾಷೆಗಳ ಪ್ರತ್ಯಯಗಳನ್ನು ಪಕ್ಕಪಕ್ಕ ಇಟ್ಟು ನೆಂಟಸ್ತಿಕೆ ತೋರಿಸಿದರು. ಆದರೆ ಓಡಿಬಂದವರು ಅನ್ನುವ ಕತೆ ನಿಲ್ಲುವುದಿಲ್ಲ. ಮಣ್ಣಿನಡಿಯ ವಸ್ತುಗಳಲ್ಲಿ ಹೊಸ ಜನ ಬಂದು ನೆಲೆಸಿದ ಗುರುತಿಲ್ಲ, ಹಿಂದಿನ ಕಂಚಿನ ಯುಗದಿಂದ ಎಳೆ ತುಂಡಾಗದೆ ಬಂದಿದೆ. ಕನ್ನಡ, ತೆಲುಗು ನೆಂಟರಾದ ಮಾತ್ರಕ್ಕೆ ಒಬ್ಬರು ಇನ್ನೊಬ್ಬರಿಂದ ಓಡಿಬಂದವರು ಅನ್ನುವುದಿಲ್ಲವಲ್ಲ, ಹಾಗೆ. ಮತ್ತೆ "ಒರಟಾದರು" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಬರೆಯುವ ಜನರನ್ನು ಒರಟರು ಅನ್ನುವುದು ಯಾವ ನ್ಯಾಯ?

ಘಾಟಿದಾರಿ

ಈಗ ರೋಮನ್ನರು. ಕ್ರಿ.ಪೂ. 15ರ ಬೇಸಿಗೆ. ಚಕ್ರವರ್ತಿ ಅಗಸ್ಟಸ್ ತನ್ನ ಇಬ್ಬರು ಮಲಮಕ್ಕಳನ್ನು ಕಳಿಸಿದ. ಡ್ರೂಸಸ್ ದಕ್ಷಿಣದಿಂದ ಆಡಿಜೆ ಕಣಿವೆ ಹಿಡಿದು ಮೇಲಕ್ಕೆ, ಟೈಬೀರಿಯಸ್ ಪಶ್ಚಿಮದಿಂದ ಕಾನ್‌ಸ್ಟನ್ಸ್ ಸರೋವರದ ಕಡೆಗೆ. ಒಂದೇ ಬೇಸಿಗೆಯಲ್ಲಿ ಮುಗಿಯಿತು. ಮತ್ತೆ ದಂಗೆ ಏಳಬಾರದು ಅಂತ ಗಟ್ಟಿಮುಟ್ಟಾದ ಗಂಡಸರಲ್ಲಿ ಹೆಚ್ಚಿನವರನ್ನು ಹಿಡಿದು ಹೊರಗೆ ಸಾಗಿಸಿದರು, ಹೊಲ ಉಳಲು ಸಾಕಾಗುವಷ್ಟು ಜನರನ್ನು ಬಿಟ್ಟರು ಅಂತ ಚರಿತ್ರೆಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಒಂದು ಸಾಲಿನಲ್ಲಿ ಬರೆದು ಮುಗಿಸಿಬಿಟ್ಟಿದ್ದಾನೆ, ಆದರೆ ಪ್ರತಿ ಹಳ್ಳಿಯಲ್ಲೂ ಅದು ಏನಾಗಿತ್ತೋ ಯೋಚಿಸಿ.

ಮೊನಾಕೊ ಹತ್ತಿರ ಲಾ ಟುರ್ಬಿಯಲ್ಲಿ ಅಗಸ್ಟಸ್‌ನ ವಿಜಯಸ್ತಂಭ ಇದೆ. ಸೋತ ಜನಾಂಗಗಳ ಪಟ್ಟಿ ಅದರ ಮೇಲಿದೆ. ವೆನೋಸ್ಟೆಸ್, ಇಸಾರ್ಕಿ, ಬ್ರೆಯುನಿ, ಗೆನಾಯುನಿ ಅಂತ ಸಾಲಾಗಿ. ಸೋಲಿನ ಪಟ್ಟಿಯೇ, ಆದರೆ ಹೆಸರು ಉಳಿಸಿದೆ. ವಿನ್ಷ್‌ಗೌ ಕಣಿವೆಗೆ ಇಟಾಲಿಯನ್‌ನಲ್ಲಿ ಇವತ್ತಿಗೂ ವಾಲ್ ವೆನೋಸ್ಟಾ ಅನ್ನುತ್ತಾರೆ, ವೆನೋಸ್ಟೆಸ್ ಜನರ ಕಣಿವೆ. ಇಸಾರ್ಕಿಗಳ ಹೆಸರು ಇಸಾರ್ಕೊ ನದಿಯಲ್ಲಿ ಹರಿಯುತ್ತಿದೆ.

ಆಮೇಲೆ ರಸ್ತೆ. ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 46-47ರಲ್ಲಿ ವಿಯಾ ಕ್ಲಾಡಿಯಾ ಆಗಸ್ಟಾ ಪೂರೈಸಿದ. ಇಟಲಿಯ ಬಯಲಿನಿಂದ ರೆಶನ್ ಘಾಟಿ ಹತ್ತಿ ಡ್ಯಾನ್ಯೂಬ್ ನದಿವರೆಗೆ. ಅದರ ಮೈಲಿಗಲ್ಲೊಂದು ಮೆರಾನೊ ಪಕ್ಕದ ರಾಬ್‌ಲಾಂಡ್‌ನಲ್ಲಿ 1552ರಲ್ಲಿ ಸಿಕ್ಕಿತು. ಬ್ರೆನ್ನರ್ ಮೇಲಿನ ರಸ್ತೆ ದೊಡ್ಡದಾಗಿದ್ದು ಇನ್ನೂ ಒಂದೂವರೆ ಶತಮಾನ ತಡವಾಗಿ, ಸೆಪ್ಟಿಮಿಯಸ್ ಸೆವೆರಸ್ ಕಾಲದಲ್ಲಿ. ಇನ್ಸ್‌ಬ್ರುಕ್‌ನ ವಿಲ್ಟೆನ್ ಬಡಾವಣೆ ಆಗ ವೆಲ್ಡಿಡೇನಾ ಎಂಬ ರೋಮನ್ ಠಾಣೆ.

ಆದರೆ ರೋಮನ್ನರು ಈ ಸೀಮೆಯನ್ನು ಒಂದಾಗಿ ಇಡಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಉತ್ತರ ರೇಟಿಯಾ ಪ್ರಾಂತ್ಯಕ್ಕೆ, ಜಿಲ್ಲರ್ ನದಿಯ ಪೂರ್ವ ನೋರಿಕಮ್‌ಗೆ, ಟ್ರೆಂಟೊ ಕಡೆಯದು ನೇರವಾಗಿ ಇಟಲಿಗೆ.

ಕಾಗದಪತ್ರ

ನಾನು ವಕೀಲ. ಕ್ಲಾಡಿಯಸ್ ಹೆಸರು ಬಂತಲ್ಲ, ಒಂದು ಆಜ್ಞೆಯ ಬಗ್ಗೆ ಹೇಳದೆ ಇರಲಾರೆ. 1869ರಲ್ಲಿ ನೋನ್ ಕಣಿವೆಯ ಕ್ಲೆಸ್‌ನಲ್ಲಿ ಕಂಚಿನ ಫಲಕವೊಂದು ಸಿಕ್ಕಿತು. ಕ್ರಿ.ಶ. 46ರ ಮಾರ್ಚ್ 15ರ ತಾರೀಖು. ವಿಷಯ ಏನೆಂದರೆ, ಅನಾಯುನಿ ಮುಂತಾದ ಮೂರು ಬೆಟ್ಟದ ಜನಾಂಗಗಳು ತಮಗೆ ರೋಮನ್ ಪೌರತ್ವ ಇದೆ ಅಂದುಕೊಂಡೇ ಬಹುಕಾಲ ಬದುಕಿದ್ದವು. ಕಾನೂನಿನ ಪ್ರಕಾರ ಇರಲಿಲ್ಲ! ಯಾರೋ ದೂರು ಕೊಟ್ಟರು. ವಿಚಾರಣೆ ಆಯಿತು. ಅಷ್ಟರಲ್ಲಿ ಈ ಜನರಲ್ಲಿ ಕೆಲವರು ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿದ್ದರು, ಕೆಲವರು ರೋಮ್‌ನಲ್ಲೇ ನ್ಯಾಯ ಹೇಳುವ ಪೀಠದಲ್ಲಿದ್ದರು. ಟ್ರೆಂಟೊ ನಗರದವರ ಜೊತೆ ಎಷ್ಟು ಬೆರೆತಿದ್ದರೆಂದರೆ ಬೇರೆ ಮಾಡಿದರೆ ಆ ನಗರಕ್ಕೇ ಹಾನಿ. ಕ್ಲಾಡಿಯಸ್ ಹಿಂದಿನದ್ದೆಲ್ಲ ಸಿಂಧು ಅಂತ ಪೌರತ್ವವನ್ನು ಕೊಟ್ಟುಬಿಟ್ಟ.

ಗೆದ್ದ 60 ವರ್ಷದೊಳಗೆ ಇಷ್ಟು ಬೆರೆತಿದ್ದಾರೆ. ಈ ತೀರ್ಪನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಜನ ಬದುಕಿದ ರೀತಿಯನ್ನು ನೋಡಿ ಕಾನೂನು ತಿದ್ದಿಕೊಂಡಿದೆ.

ಒಪ್ಪಲ್ಲ

ಎಲ್ಲ ಚೆನ್ನಾಗಿದೆ. ಆದರೆ ನೀವೆಲ್ಲ ಒಂದೇ ಕಡೆಯ ಸಾಕ್ಷಿ ಹೆಕ್ಕುತ್ತಿದ್ದೀರಿ ಅನಿಸುತ್ತದೆ. ಬೆಟ್ಟ ಜನರನ್ನು ಬೇರೆ ಮಾಡಲೇ ಇಲ್ಲ ಅಂದರೆ ಲ್ಯಾಡಿನ್ ಭಾಷೆ ಹೇಗೆ ಉಳಿಯಿತು? ಗಾರ್ಡೇನಾ, ಬಾದಿಯಾ, ಫಾಸ್ಸಾ ಕಣಿವೆಗಳಲ್ಲಿ ಇವತ್ತಿಗೂ ಸುಮಾರು 30,000 ಜನ ಅದನ್ನು ಆಡುತ್ತಾರೆ. ರೋಮನ್ನರ ಲ್ಯಾಟಿನ್ ಬೆಟ್ಟದ ಬಾಯಲ್ಲಿ ಬೆಳೆದು ಆದ ಭಾಷೆ. ಸುತ್ತಲೂ ಜರ್ಮನ್, ಇಟಾಲಿಯನ್. ಇದು ಮುಚ್ಚಿದ ಕಣಿವೆಯ ಫಲ ಅಲ್ವಾ?

ಇನ್ನೊಂದು. ಬ್ರೆಯುನಿ ಜನ ಸೋತಿದ್ದು ಕ್ರಿ.ಪೂ. 15ರಲ್ಲಿ. ಆರನೇ ಶತಮಾನದಲ್ಲಿ ಕವಿ ವೆನಾಂಟಿಯಸ್ ಫೋರ್ಚುನಾಟಸ್ ಇಟಲಿಯಿಂದ ಆಲ್ಪ್ಸ್ ದಾಟಿದವನು, ದಾರಿ ಹೇಳುವಾಗ ಬ್ರೆಯುನಿಗಳ ನಾಡನ್ನು ಹೆಸರಿಸುತ್ತಾನೆ. ಸುಮಾರು ಐನೂರು ವರ್ಷ ರೋಮನ್ ಆಳ್ವಿಕೆ ನಡೆದು ಮುಗಿದ ಮೇಲೂ ಹಳೆಯ ಹೆಸರು ಹಾಗೇ ಇದೆ. ಬೆಟ್ಟ ಕಾಪಾಡದೆ ಇದು ಆಗುತ್ತಿತ್ತಾ?

ಘಾಟಿದಾರಿ

ಸರಿಯಾದ ಮಾತು, ನಾನು ಒಂದೇ ಉಸಿರಿಗೆ ಹೇಳಿದ್ದು ತಪ್ಪಾಯಿತು. ಎರಡು ಬಗೆಯ ಕಣಿವೆ ಇವೆ ಅಂತ ಹೇಳಬೇಕಿತ್ತು. ಆಡಿಜೆ, ಇಸಾರ್ಕೊ, ಇನ್, ಇವು ಘಾಟಿಗೆ ಹೋಗುವ ಹೆದ್ದಾರಿ ಕಣಿವೆಗಳು. ಇಲ್ಲಿ ಯಾವ ಕಾಲದಲ್ಲೂ ಓಡಾಟ ನಿಂತಿಲ್ಲ. ಪಕ್ಕದ ಕವಲು ಕಣಿವೆಗಳು ಬೇರೆ. ಅಲ್ಲಿಗೆ ಹೋಗಬೇಕೆಂದವರು ಮಾತ್ರ ಹೋಗುತ್ತಾರೆ. ಲ್ಯಾಡಿನ್ ಉಳಿದದ್ದು ಅಲ್ಲೇ. ಆದರೆ ಒಂದು ಸೇರಿಸುತ್ತೇನೆ. ಆ ಲ್ಯಾಟಿನ್ ಅಲ್ಲಿಗೆ ತಲುಪಿದ್ದೂ ದಾರಿಯಿಂದಲೇ. ಮತ್ತೆ ವಿನ್ಷ್‌ಗೌ ಹೆದ್ದಾರಿ ಕಣಿವೆಯಾಗಿದ್ದೂ 17ನೇ ಶತಮಾನದವರೆಗೆ ಅಲ್ಲಿ ಲ್ಯಾಡಿನ್ ಭಾಷೆಯ ನೆಂಟ ರೊಮಾನ್ಷ್ ಮಾತು ಇತ್ತು. ಹಾಗಾಗಿ ಮುಚ್ಚಿದ ಕಣಿವೆ ಅನ್ನುವುದರಿಂದಲೂ ಎಲ್ಲ ಬಗೆಹರಿಯುವುದಿಲ್ಲ.

ಫೋರ್ಚುನಾಟಸ್ ವಿಷಯ ತಂದದ್ದಕ್ಕೆ ಥ್ಯಾಂಕ್ಸ್. ಅದೇ ಕವಿ, ಬವೇರಿಯಾದವರು ಅಡ್ಡ ಬರದಿದ್ದರೆ ಆ ದಾರಿಯಲ್ಲಿ ಹೋಗು ಅಂತಾನೆ. ಹೊಸಬರು ಆಗಲೇ ಬಂದಿದ್ದರು.

ಹಳೇಲಿಪಿ

ಆ ಕಾಲ ನಿಜಕ್ಕೂ ಗೋಜಲು. 568ರಲ್ಲಿ ಲ್ಯಾಂಗೊಬಾರ್ಡ್ ಎಂಬ ಜರ್ಮಾನಿಕ್ ಜನ ಇಟಲಿಗೆ ಬಂದು ಟ್ರೆಂಟೊದಲ್ಲಿ ಡ್ಯೂಕ್ ಕೂರಿಸಿದರು. ಉತ್ತರದಿಂದ ಬವೇರಿಯಾದವರು. ಪೂರ್ವದಿಂದ ಸ್ಲಾವ್ ಜನ, ಸುಮಾರು 610ರಲ್ಲಿ ಲೀಂಜ್ ಹತ್ತಿರದ ಹಳೆಯ ರೋಮನ್ ಊರು ಅಗುಂಟಮ್ ಬಳಿ ಬವೇರಿಯಾದ ಡ್ಯೂಕ್‌ನನ್ನು ಸೋಲಿಸಿದರು. ಮೂರು ಜನಾಂಗ ಮೂರು ಕಡೆಯಿಂದ ಒಂದೇ ಕಣಿವೆಗಳಿಗೆ. ಎಲ್ಲರೂ ಬಂದದ್ದು ಹಳೆಯ ದಾರಿಗಳಲ್ಲೇ. 769ರಲ್ಲಿ ಬವೇರಿಯಾದ ತಾಸ್ಸಿಲೊ ಇನ್ನಿಖೆನ್‌ನಲ್ಲಿ ಮಠ ಕಟ್ಟಿಸಲು ಜಾಗ ಕೊಟ್ಟಾಗ ಸ್ಲಾವ್ ಜನರನ್ನು ಕ್ರೈಸ್ತರನ್ನಾಗಿ ಮಾಡುವುದೇ ಉದ್ದೇಶ ಅಂತ ಪತ್ರದಲ್ಲೇ ಬರೆಸಿದ.

ಹೊಸ ಧರ್ಮ ಮೊದಲು ಬಂದಾಗ ಸುಲಭ ಇರಲಿಲ್ಲ. 397ರ ಮೇ 29ರಂದು ಸಾನ್ಸೆನೊದಲ್ಲಿ, ಅದೇ ರೇಟಿಗಳ ಸಾನ್ಸೆನೊ, ಮೂವರು ಪ್ರಚಾರಕರನ್ನು ಊರವರು ಕೊಂದರು. ಸಿಸಿನ್ನಿಯಸ್, ಮಾರ್ಟಿರಿಯಸ್, ಅಲೆಕ್ಸಾಂಡರ್. ಈಗಿನ ಟರ್ಕಿಯ ಕಪಡೋಕಿಯದಿಂದ ಬಂದಿದ್ದವರು.

ಇನ್ನು ನನಗೆ ಎಲ್ಲಕ್ಕಿಂತ ಹತ್ತಿರದ ಪತ್ರ. 828ರ ಹೊತ್ತಿಗೆ ಕ್ವಾರ್ಟಿನಸ್ ಎಂಬ ಜಮೀನುದಾರ ಈಗಿನ ಸ್ಟೆರ್ಜಿಂಗ್ ಕಡೆಯ ತನ್ನ ಆಸ್ತಿಯನ್ನು ಇನ್ನಿಖೆನ್ ಮಠಕ್ಕೆ ಬರೆದುಕೊಟ್ಟ. ತನ್ನ ಜಾತಿ ಏನು ಅಂತ ಹೇಳುವಾಗ ನೋರಿಕದವರು ಮತ್ತು ಪ್ರೆಗ್ನಾರಿಗಳು ಅನ್ನುತ್ತಾನೆ. ನೋರಿಕದವರು ಅಂದರೆ ಬವೇರಿಯಾದವರು, ಪ್ರೆಗ್ನಾರಿ ಅಂದರೆ ಬ್ರೆಯುನಿ ಅಂತ ವಿದ್ವಾಂಸರ ಓದು. ಬರೀ ಹಳೆಯ ಜನ ಅಂತಲ್ಲ, ಎರಡೂ ಕಡೆಯವನು. ಘಾಟಿದಾರಿ ಮತ್ತು ಒಪ್ಪಲ್ಲ, ಇಬ್ಬರ ವಾದವೂ ಈ ಒಬ್ಬ ಮನುಷ್ಯನಲ್ಲಿ ಕೂತಿದೆ.

ಮೈಸೂರು ಓದುಗ

ಹಾಗಾದರೆ ಟಿರೋಲ್ ಎಂಬ ಹೆಸರು ಯಾವಾಗ ಬಂತು? ಇಷ್ಟು ಹೊತ್ತು ಯಾರೂ ಆ ಹೆಸರಿನ ಜನರನ್ನೇ ಹೇಳಲಿಲ್ಲ.

ಘಾಟಿದಾರಿ

ಟಿರೋಲ್ ಮೊದಲು ಒಂದು ಕೋಟೆಯ ಹೆಸರು. ಮೆರಾನೊ ಮೇಲಿನ ಗುಡ್ಡದಲ್ಲಿದೆ. ಅದರಿಂದ ಮನೆತನಕ್ಕೆ, ಮನೆತನದಿಂದ ಸೀಮೆಗೆ.

ಹೇಗಾಯಿತು ಅಂದರೆ, ಜರ್ಮನ್ ರಾಜರು ಚಕ್ರವರ್ತಿ ಪಟ್ಟಕ್ಕೆ ರೋಮ್‌ಗೆ ಹೋಗಬೇಕು. ಸುಲಭದ ದಾರಿ ಬ್ರೆನ್ನರ್, ಎತ್ತರ ಬರೀ 1,370 ಮೀಟರ್. ಆ ದಾರಿ ನಂಬಿಕಸ್ಥರ ಕೈಯಲ್ಲಿರಬೇಕು. 1027ರಲ್ಲಿ ಚಕ್ರವರ್ತಿ ಎರಡನೇ ಕೊನ್ರಾಡ್ ಕಣಿವೆಗಳನ್ನು ಬಿಷಪ್ಪರಿಗೆ ಹಂಚಿದ. ಟ್ರೆಂಟೊ, ಬೋಲ್ಜಾನೊ, ವಿನ್ಷ್‌ಗೌ ಟ್ರೆಂಟೊದ ಬಿಷಪ್‌ಗೆ. ಇಸಾರ್ಕೊ ಮತ್ತು ಇನ್ ಕಣಿವೆಗಳು ಬ್ರಿಕ್ಸನ್ ಬಿಷಪ್‌ಗೆ. ಬಿಷಪ್ಪರಿಗೆ ಮಕ್ಕಳ ಹಕ್ಕಿನ ತಕರಾರಿಲ್ಲ, ಒಬ್ಬ ಸತ್ತರೆ ಇನ್ನೊಬ್ಬನನ್ನು ಕೂರಿಸಬಹುದು. ಜಾಣ ಏರ್ಪಾಡು. ಆದರೆ ಕತ್ತಿಯ ಕೆಲಸ ಮಾಡಲು ಬಿಷಪ್ಪರು ಫೋಗ್ಟ್ ಎಂಬ ಪಾಳೇಗಾರರನ್ನು ಇಟ್ಟುಕೊಂಡರು. ಆ ಪಾಳೇಗಾರರೇ ನಿಧಾನಕ್ಕೆ ಒಡೆಯರಾದರು.

ಇನ್ ಕಣಿವೆಯಲ್ಲಿ ಆಂಡೆಕ್ಸ್ ಮನೆತನ ಇತ್ತು, ಇನ್ಸ್‌ಬ್ರುಕ್‌ಗೆ ನಗರದ ಹಕ್ಕು ಬಂದದ್ದು ಅವರಿಂದಲೇ, 1239ರಲ್ಲಿ. ಅವರ ವಂಶ 1248ರಲ್ಲಿ ನಿಂತುಹೋಯಿತು. ಟಿರೋಲ್‌ನ ಮೂರನೇ ಆಲ್ಬರ್ಟ್ ಅದನ್ನು ಪಡೆದ, 1253ರಲ್ಲಿ ಅವನೂ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಅವನ ಮಗಳ ಮಗ ಎರಡನೇ ಮೈನ್‌ಹಾರ್ಡ್. 1295ರಲ್ಲಿ ಸಾಯುವ ಹೊತ್ತಿಗೆ ಈ ಮನುಷ್ಯ ಕೊಂಡು, ಹೆದರಿಸಿ, ಕಿತ್ತುಕೊಂಡು, ಘಾಟಿಯ ಎರಡೂ ಕಡೆಯನ್ನು ಒಂದು ಸಂಸ್ಥಾನ ಮಾಡಿದ್ದ. ಸುಂಕ ಅವನ ಕೈಲಿತ್ತು. ಮೆರಾನೊ ಟಂಕಸಾಲೆಯಲ್ಲಿ ಜೋಡಿ ಶಿಲುಬೆಯ ಬೆಳ್ಳಿ ನಾಣ್ಯ ಹೊಡೆಸಿದ. ಶಿಲುಬೆಗೆ ಜರ್ಮನ್‌ನಲ್ಲಿ ಕ್ರೊಯ್ಟ್ಸ್, ಅದರಿಂದ ನಾಣ್ಯಕ್ಕೆ ಕ್ರೊಯ್ಟ್ಸರ್. ಆ ಹೆಸರಿನ ನಾಣ್ಯ ಆಸ್ಟ್ರಿಯಾದಲ್ಲಿ 19ನೇ ಶತಮಾನದ ಕೊನೆವರೆಗೂ ನಡೆಯಿತು.

ಅವನ ಮೊಮ್ಮಗಳು ಮಾರ್ಗರೆಟ್. ಇವಳ ಬಗ್ಗೆ ಬರೆಯುವಾಗ ನನಗೆ ಕೋಪ ಬರುತ್ತದೆ. 12 ವರ್ಷಕ್ಕೆ, ತನಗಿಂತ ಚಿಕ್ಕ ಹುಡುಗನ ಜೊತೆ ಮದುವೆ ಮಾಡಿದರು. 1341ರ ನವೆಂಬರ್‌ನಲ್ಲಿ ಆ ಗಂಡ ಬೇಟೆಯಿಂದ ಬಂದಾಗ ಟಿರೋಲ್ ಕೋಟೆಯ ಬಾಗಿಲು ಹಾಕಿಸಿದಳು. ಒಳಗೆ ಬಿಡಲಿಲ್ಲ. ಮುಂದಿನ ವರ್ಷ ಚಕ್ರವರ್ತಿಯ ಮಗನನ್ನು ಮದುವೆಯಾದಳು, ಪೋಪ್ ಬಹಿಷ್ಕಾರ ಹಾಕಿದರು. ಅದಕ್ಕೇ ಅವಳನ್ನು ಕುರೂಪಿ, ದೊಡ್ಡ ಬಾಯಿಯವಳು ಅಂತ ಕತೆ ಕಟ್ಟಿದರು. ಅದೇ ಕಾಲದ ಸನ್ಯಾಸಿಯೊಬ್ಬ ಅವಳನ್ನು ಬಹಳ ಚೆಲುವೆ ಅಂತ ಬರೆದಿದ್ದಾನೆ, ಅದನ್ನು ಯಾರೂ ನೆನೆಸಲಿಲ್ಲ. ಎರಡನೇ ಗಂಡ ಹೋದ, ಒಬ್ಬನೇ ಮಗ 1363ರ ಜನವರಿಯಲ್ಲಿ ಹೋದ. ಅದೇ ತಿಂಗಳು 26ಕ್ಕೆ ಸೀಮೆಯನ್ನು ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್‌ನ ನಾಲ್ಕನೇ ರುಡಾಲ್ಫ್‌ಗೆ ಬರೆದುಕೊಟ್ಟಳು. 1919ರವರೆಗೆ ಅದು ಒಡೆಯಲಿಲ್ಲ, ನೆಪೋಲಿಯನ್ ಕಾಲದ ಕೆಲವು ವರ್ಷ ಬಿಟ್ಟರೆ.

ಕುರಿಮಂದೆ

ರಾಜರ ಕತೆ ಆಯಿತು. ಬೆಟ್ಟದ ಮೇಲಿನ ರೈತ ಏನು ತಿನ್ನುತ್ತಿದ್ದ, ಏನು ಕೊಡುತ್ತಿದ್ದ?

ಮಣ್ಣಿನಡಿ

12, 13ನೇ ಶತಮಾನದಲ್ಲಿ ಬಹಳ ಎತ್ತರದಲ್ಲಿ ಹೊಸ ಹಟ್ಟಿಗಳು ಎದ್ದವು, ಷ್ವೈಗ್‌ಹೋಫ್ ಅನ್ನುತ್ತಾರೆ. ಧಾನ್ಯ ಸರಿಯಾಗಿ ಬೆಳೆಯದ ಎತ್ತರ. ಒಡೆಯ ಸಾಮಾನ್ಯವಾಗಿ ಆರು ಹಸು ಕೊಡುತ್ತಿದ್ದ, ಧಾನ್ಯ, ಉಪ್ಪು ಕೂಡ ಒದಗಿಸುತ್ತಿದ್ದ. ರೈತ ವರ್ಷಕ್ಕೆ 300 ಚೀಸ್ ಗಟ್ಟಿ ಒಪ್ಪಿಸಬೇಕು. ಚಳಿಗಾಲದಲ್ಲಿ ಹಾಲು ಕಡಿಮೆ, ಹಾಗಾಗಿ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಮಾಡಬೇಕಾಗುತ್ತಿತ್ತು ಲೆಕ್ಕ ಹಾಕಿ. ಆ ಮನೆಗಳಲ್ಲಿ ಎಷ್ಟೋ ಇವತ್ತಿಗೂ ಅದೇ ಹೆಸರಿನಲ್ಲಿ ನಿಂತಿವೆ.

ಒಪ್ಪಲ್ಲ

ಚರ್ಚೆ ಇಷ್ಟು ಚೆನ್ನಾಗಿ ಆಯಿತು, ನಾನೂ ಒಂದು ಕೊಡುತ್ತೇನೆ. ಜಿಲ್ಲರ್ ನದಿ ರೋಮನ್ನರ ಎರಡು ಪ್ರಾಂತ್ಯಗಳ ಗಡಿ ಅಂದಿರಲ್ಲ, ಆ ಗೆರೆ ಅಳಿಯಲಿಲ್ಲ. ಮುಂದೆ ಅದೇ ನದಿ ಬ್ರಿಕ್ಸನ್ ಮತ್ತು ಸಾಲ್ಜ್‌ಬರ್ಗ್ ಧರ್ಮಪ್ರಾಂತ್ಯಗಳ ಗಡಿಯಾಯಿತು. ಈಗಲೂ ಜಿಲ್ಲರ್ ಕಣಿವೆಯಲ್ಲಿ ನಡೆದರೆ ಪೂರ್ವ ದಡದ ಚರ್ಚುಗಳ ಗೋಪುರ ಹಸಿರು, ಅವು ಸಾಲ್ಜ್‌ಬರ್ಗ್‌ನವು. ಪಶ್ಚಿಮ ದಡದವು ಕೆಂಪು, ಈಗ ಇನ್ಸ್‌ಬ್ರುಕ್‌ಗೆ ಸೇರಿವೆ.

ಘಾಟಿದಾರಿ

ಅಯ್ಯೋ, ಆ ಕಣಿವೆಯಲ್ಲಿ ಎರಡು ಸಲ ರೈಲಲ್ಲಿ ಹೋಗಿದ್ದೇನೆ, ಬಣ್ಣದ ಕಡೆ ಗಮನವೇ ಹೋಗಲಿಲ್ಲ. ಬರುವ ಜೂನ್‌ನಲ್ಲಿ ಕುರಿ ದಾಟುವುದನ್ನು ನೋಡಲು ವೆಂಟ್‌ಗೆ ಹೋಗುವ ಯೋಚನೆ ಇದೆ. ಹೋಗುವ ದಾರಿಯಲ್ಲೇ ಇಳಿದು ನೋಡಿಕೊಂಡು ಬರುತ್ತೇನೆ. ಕುರಿಮಂದೆಯವರೇ, ಕುರಿಗಳ ಫೋಟೊ ನಿಮಗಾಗಿ ತೆಗೆದು ಇಲ್ಲೇ ಹಾಕುತ್ತೇನೆ.